ಮೀನಿಲ್ಲದ ತಿಂಗಳಲ್ಲಿ ಪಾಂಡುವಿನ ಇನ್ಸುಲಿನ್

ಪ್ರಶ್ನೆ: ಡಾಕ್ಟ್ರೇ, ನಾನು ಅಂಕೋಲಾ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಟೀಚರ್. ನಮ್ಮನೆ ಬೆಕ್ಕು ಪಾಂಡುವಿಗೆ 9 ವರ್ಷ, ಗಂಡು, ಆಪರೇಷನ್ ಆಗಿದೆ, ತೂಕ 5 ಕೆಜಿ. ಮನೆಯಲ್ಲಿ ಅಮ್ಮನಿಗೆ ಶುಗರ್ ಇದೆ, ಫೆಬ್ರವರಿಯಲ್ಲಿ ಇವನಿಗೂ ಇದೆ ಅಂತ ಗೊತ್ತಾಯಿತು. ಗ್ಲಾರ್ಜಿನ್ ಇನ್ಸುಲಿನ್ ಬೆಳಗ್ಗೆ 7ಕ್ಕೆ, ಸಂಜೆ 7ಕ್ಕೆ 2 ಯೂನಿಟ್ ಕೊಡುತ್ತಿದ್ದೆವು. ಮೇ ತನಕ ಇಂಜೆಕ್ಷನ್ನಿಗೆ ಮೊದಲು ನೋಡಿದರೆ 200–230 ಇರುತ್ತಿತ್ತು. ಜೂನ್ ಎರಡನೇ ವಾರದಿಂದ 340, 370, ಒಂದು ದಿನ 410 ಬಂತು. ಹಾಗಾಗಿ ನಾನೇ ನಾಲ್ಕು ದಿನಕ್ಕೊಮ್ಮೆ ಅರ್ಧ ಅರ್ಧ ಏರಿಸುತ್ತಾ 3.5ಕ್ಕೆ ಬಂದಿದ್ದೇನೆ. ಊಟ ಮೊದಲಿನದೇ, ಅನ್ನ ಮೀನು. ಈಗ ಮೀನು ಸರಿಯಾಗಿ ಸಿಗದ ಕಾರಣ ಅನ್ನಕ್ಕೆ ಸ್ವಲ್ಪ ಒಣಮೀನು ಪುಡಿ ಮಾಡಿ ಕಲಸುತ್ತೇವೆ. ಕಳೆದ ಭಾನುವಾರ ನಾಡದೋಣಿಯವರ ಹತ್ತಿರ ಬಂಗಡೆ ಸಿಕ್ಕಿತ್ತು, ಅವನು ಬರೀ ಮೀನನ್ನೇ ತಿಂದ. ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಯಾಕೋ ಮಂಕಾಗಿದ್ದ, ನಡೆಯುವಾಗ ಹಿಂಗಾಲು ವಾಲುತ್ತಿತ್ತು. ಸಂಜೆ ಚೆನ್ನಾಗಿದ್ದ, ಆದರೆ ಶುಗರ್ 390! ಈಗ 4 ಯೂನಿಟ್ ಮಾಡಲಾ? ಎಷ್ಟು ಬಂದರೆ ಎಷ್ಟು ಕೊಡಬೇಕು ಅಂತ ಒಂದು ಪಟ್ಟಿ ಕೊಟ್ಟರೆ ಉಪಕಾರ ಆಗುತ್ತದೆ.

ಉತ್ತರ:

ಅಕ್ಕೋರೇ, 4 ಬೇಡ. 3.5 ಕೂಡ ಬೇಡ. ಇವತ್ತು ಸಂಜೆ 2ಕ್ಕೆ ಇಳಿಸಿ, ನಾಳೆ ಬೆಳಗ್ಗೆ ಪಾಂಡುವನ್ನು ನೋಡುತ್ತಿರುವ ಡಾಕ್ಟರಿಗೆ ಫೋನ್ ಮಾಡಿ ಭಾನುವಾರದ ವಿಷಯ ಪೂರ್ತಿ ಹೇಳಿ. ನಾನು ಬೆಕ್ಕನ್ನು ಕಣ್ಣಾರೆ ನೋಡಿಲ್ಲ, ಆದ್ದರಿಂದ ಕೊನೆಯ ಮಾತು ಅವರದ್ದೇ. ಆದರೆ ಭಾನುವಾರ ಮಧ್ಯಾಹ್ನ ನೀವು ನೋಡಿದ್ದು ಶುಗರ್ ಏರಿದ್ದಲ್ಲ, ಇಳಿದದ್ದು ಅಂತ ನನಗೆ ಹೆಚ್ಚುಕಡಿಮೆ ಖಾತ್ರಿ ಇದೆ.

ಯಾಕೆ ಅಂತ ನಿಮ್ಮ ಪತ್ರದಲ್ಲೇ ಇದೆ. "ಊಟ ಮೊದಲಿನದೇ" ಅಂತ ಬರೆದು, ಅದೇ ಉಸಿರಿನಲ್ಲಿ ಮೀನು ಸಿಗುವುದಿಲ್ಲ ಅಂತಲೂ ಬರೆದಿದ್ದೀರಿ. ಊಟ ಮೊದಲಿನದಲ್ಲ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮನುಷ್ಯರು ನಾವು ಒಣಮೀನು, ಮೊಟ್ಟೆ, ಹಲಸಿನಬೀಜ ಅಂತ ಹೇಗೋ ದಿನ ದೂಡುತ್ತೇವೆ. ಬೆಕ್ಕಿನ ಬಟ್ಟಲಲ್ಲಿ ಮಾತ್ರ ಮೀನಿನ ಜಾಗಕ್ಕೆ ಅನ್ನ ಬಂದು ಕೂರುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಮೇ ತಿಂಗಳಲ್ಲಿ ನಾಲ್ಕು ತಾರ್ಲೆ ಮೀನಿಗೆ ಒಂದು ಚಮಚ ಅನ್ನ ಇದ್ದದ್ದು ಜೂನಿನಲ್ಲಿ ಒಂದು ಮುಷ್ಟಿ ಅನ್ನಕ್ಕೆ ವಾಸನೆಗೆ ಅಷ್ಟು ಒಣಮೀನು ಆಗಿರುತ್ತದೆ. ಬಟ್ಟಲು ಅದೇ, ಬೆಕ್ಕು ಅದೇ, ಹೊತ್ತೂ ಅದೇ.

ಇದರ ಲೆಕ್ಕ ಸ್ವಲ್ಪ ನೋಡೋಣ, ನೀವು ಟೀಚರ್ ಅಲ್ವಾ, ಬೇಸರ ಆಗಲಿಕ್ಕಿಲ್ಲ. 5 ಕೆಜಿ ಬೆಕ್ಕಿಗೆ ದಿನಕ್ಕೆ ಬೇಕಾದ್ದು ಅಂದಾಜು 200ರಿಂದ 250 ಕ್ಯಾಲರಿ. 100 ಗ್ರಾಂ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟ ಇರುತ್ತದೆ, ಅಂದರೆ 110 ಕ್ಯಾಲರಿಗಿಂತ ಸ್ವಲ್ಪ ಜಾಸ್ತಿ ಅದರಿಂದಲೇ ಬರುತ್ತದೆ. ಬೆಳಗ್ಗೆ ಒಂದು ಮುಷ್ಟಿ, ಸಂಜೆ ಒಂದು ಮುಷ್ಟಿ ಅಂದರೆ 150 ಗ್ರಾಂ ಆಯಿತು ಅಂತಿಟ್ಟುಕೊಳ್ಳಿ. ದಿನದ ಶಕ್ತಿಯಲ್ಲಿ ಮುಕ್ಕಾಲು ಪಾಲು ಅನ್ನದಿಂದಲೇ ಬಂತು. ಶುಗರ್ ಇರುವ ಬೆಕ್ಕಿಗೆ ನಾವು ಹೇಳುವುದು ಸುಮಾರು 12 ಶೇಕಡಾದ ಒಳಗೆ. ಅದನ್ನು ಅನ್ನದ ಲೆಕ್ಕಕ್ಕೆ ತಂದರೆ ಇಡೀ ದಿನಕ್ಕೆ ಎರಡು ದೊಡ್ಡ ಚಮಚ. ಮೀನಿನಲ್ಲಿ ಪಿಷ್ಟ ಇಲ್ಲವೇ ಇಲ್ಲ ಅನ್ನಬಹುದು.

ಕುಚ್ಚಲಕ್ಕಿ ಅನ್ನ ಆದರೆ ಪರವಾಗಿಲ್ವಾ ಅಂತ ತುಂಬ ಜನ ಕೇಳುತ್ತಾರೆ, ಮನೆಯಲ್ಲಿ ಅಜ್ಜಿಗೂ ಡಾಕ್ಟರು ಅದನ್ನೇ ಹೇಳಿರುತ್ತಾರಲ್ಲ. ಅಜ್ಜಿಯ ಲೆಕ್ಕ ಬೇರೆ, ಬೆಕ್ಕಿನ ಲೆಕ್ಕ ಬೇರೆ. ಬೆಕ್ಕು ಹುಟ್ಟಾ ಮಾಂಸಾಹಾರಿ. ಅದರ ಜೊಲ್ಲಿನಲ್ಲಿ ಪಿಷ್ಟ ಒಡೆಯುವ ಅಮೈಲೇಸ್ ಇಲ್ಲ. ಊಟ ಆದ ಮೇಲೆ ರಕ್ತಕ್ಕೆ ಒಮ್ಮೆಲೇ ಬರುವ ಸಕ್ಕರೆಯನ್ನು ಹಿಡಿದು ಲಿವರಿನೊಳಗೆ ಹಾಕಿಕೊಳ್ಳುವ ಗ್ಲುಕೋಕೈನೇಸ್ ಅನ್ನುವ ಕಿಣ್ವ ನಮ್ಮಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಬೆಕ್ಕಿನಲ್ಲಿ ಅದು ಲೆಕ್ಕಕ್ಕಿಲ್ಲ. ಹಾಗಾಗಿ ಅನ್ನದ ಸಕ್ಕರೆ ಅದರ ರಕ್ತದಲ್ಲಿ ಬಹಳ ಹೊತ್ತು ಸುತ್ತುತ್ತಲೇ ಇರುತ್ತದೆ. ಪಾಂಡುವಿನ 370 ಅಲ್ಲಿಂದ ಬಂದದ್ದು ಅಂತ ನನ್ನ ಅಂದಾಜು. ಬೇರೆ ಕಾರಣಗಳೂ ಇವೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಭಾನುವಾರಕ್ಕೆ ಬನ್ನಿ. ಇಷ್ಟು ದಿನ ಅನ್ನಕ್ಕೆ ಸರಿಯಾಗಿ ಇನ್ಸುಲಿನ್ ಏರಿಸಿದ್ದಿರಿ, 2 ಇದ್ದದ್ದು 3.5 ಆಯಿತು. ಭಾನುವಾರ ಬೆಳಗ್ಗೆ ಬಂಗಡೆ ಬಂತು. ಅವನು ಅನ್ನ ಮುಟ್ಟಲಿಲ್ಲ. ಇನ್ಸುಲಿನ್ನಿಗೆ ಇದು ಗೊತ್ತಾಗಬೇಕಲ್ಲ! ಅನ್ನ ಬರುತ್ತದೆ ಅಂತ ಲೆಕ್ಕ ಹಾಕಿದ 3.5 ಯೂನಿಟ್ ಒಳಗೆ ಹೋಗಿದೆ, ಅನ್ನ ಬರಲೇ ಇಲ್ಲ. ಬೆಕ್ಕಿನಲ್ಲಿ ಗ್ಲಾರ್ಜಿನ್ ಅತಿ ಕೆಳಗೆ ಎಳೆಯುವುದು ಸಾಮಾನ್ಯವಾಗಿ ಇಂಜೆಕ್ಷನ್ ಆಗಿ 4ರಿಂದ 8 ಗಂಟೆಯ ನಡುವೆ. 7ಕ್ಕೆ ಕೊಟ್ಟಿರಿ, 1ಕ್ಕೆ ವಾಲಿದ. ಸರಿಯಾಗಿ ಆರು ಗಂಟೆ. ಉಳಿದ ದಿನ ಆ ಹೊತ್ತಿಗೆ ನೀವು ಶಾಲೆಯಲ್ಲಿರುತ್ತೀರಿ. ಅವತ್ತು ಮನೆಯಲ್ಲಿದ್ದಿರಿ, ಕಣ್ಣಿಗೆ ಬಿತ್ತು.

ಹಾಗಾದರೆ ಸಂಜೆ 390 ಹೇಗೆ ಬಂತು? ಎರಡು ದಾರಿ ಇದೆ. ಶುಗರ್ ತೀರಾ ಕೆಳಗೆ ಬಿದ್ದಾಗ ದೇಹ ಗಾಬರಿಯಾಗಿ ಗ್ಲುಕಗಾನ್, ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳನ್ನು ಹೊರಬಿಟ್ಟು ಲಿವರಿನಲ್ಲಿ ಇಟ್ಟಿದ್ದ ಸಕ್ಕರೆಯನ್ನೆಲ್ಲ ಹೊರಗೆ ಸುರಿಯುತ್ತದೆ, ಕೆಲವು ಗಂಟೆಯಲ್ಲಿ ಅಂಕಿ ಮೇಲೆ ಹಾರುತ್ತದೆ. ಮನುಷ್ಯರಲ್ಲಿ ಇದನ್ನು 1930ರ ದಶಕದಲ್ಲೇ ಸೊಮೊಜಿ ಅನ್ನುವವರು ಹೇಳಿದ್ದರು, ಈಗಲೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ನಾವು ಓದುವಾಗ ಬೆಕ್ಕಿನ ಪ್ರತಿಯೊಂದು ದೊಡ್ಡ ಅಂಕಿಗೂ ಇದನ್ನೇ ದೂರುತ್ತಿದ್ದೆವು. ಗ್ಲಾರ್ಜಿನ್ ಕೊಡುವ ಬೆಕ್ಕುಗಳಲ್ಲಿ ಅದು ಅಂದುಕೊಂಡಷ್ಟು ಸಾಮಾನ್ಯವಲ್ಲ ಅಂತ ಈಗ ಹೇಳುತ್ತಾರೆ. ಇನ್ನೊಂದು ದಾರಿ ಸರಳ. ಮಂಕಾಗಿದ್ದಾನೆ ಅಂತ ಮನೆಯಲ್ಲಿ ಯಾರೋ ಹಾಲೋ ಅನ್ನವೋ ಕೊಟ್ಟಿರುತ್ತಾರೆ. ಅಮ್ಮನನ್ನು ಒಮ್ಮೆ ಕೇಳಿ ನೋಡಿ. ಯಾವುದೇ ಆಗಲಿ, ಆ 390 ನೋಡಿ ಡೋಸ್ ಏರಿಸಿದರೆ ಮುಂದಿನ ಮಧ್ಯಾಹ್ನ ಇನ್ನೂ ಆಳಕ್ಕೆ ಬೀಳುತ್ತಾನೆ.

ಇದೇ ತಪ್ಪನ್ನು ನಾನೂ ಮಾಡಿದ್ದೇನೆ, ಮುಚ್ಚಿಡುವುದು ಯಾಕೆ. ಕುಮಟೆಯಲ್ಲಿ ಪ್ರಾಕ್ಟೀಸ್ ಶುರು ಮಾಡಿದ ಹೊಸತು. ಹತ್ತಕ್ಕೆ ಒಂಬತ್ತು ಕೇಸು ದನ, ಎಮ್ಮೆ, ನಾಯಿ. ಶುಗರ್ ಇರುವ ಬೆಕ್ಕು ಅಂದರೆ ವರ್ಷಕ್ಕೆ ಒಂದೋ ಎರಡೋ. ಶಿರಸಿ ಕಡೆಯ ಒಂದು ತೋಟದ ಮನೆಯವರು ಫೋನ್ ಮಾಡಿ ಶುಗರ್ 400 ಇದೆ ಅಂದರು, ಒಂದು ಯೂನಿಟ್ ಏರಿಸಿ ಅಂದೆ. ವಾರ ಬಿಟ್ಟು ಮತ್ತೆ 380 ಅಂದರು, ಇನ್ನೊಂದು ಏರಿಸಿ ಅಂದೆ. ಮೂರನೇ ಸಲ ಫೋನ್ ಬರಲಿಲ್ಲ. ಜಡಿಮಳೆಯಲ್ಲಿ ದೇವಿಮನೆ ಘಾಟಿ ಇಳಿದು ಬೆಕ್ಕನ್ನೇ ತಂದರು, ಫಿಟ್ಸ್ ಬರುತ್ತಿತ್ತು. ಗ್ಲುಕೋಸ್ ಹಾಕಿ ರಾತ್ರಿಯಿಡೀ ಕೂತೆವು, ಬದುಕಿತು. ಆಮೇಲೆ ಮಾತಾಡುವಾಗ ತಿಳಿದದ್ದು ಏನೆಂದರೆ, ಅಲ್ಲಿ ತನಕ ಮೊಸರನ್ನ ತಿನ್ನುತ್ತಿದ್ದ ಬೆಕ್ಕಿಗೆ ಬೆಂಗಳೂರಿನಿಂದ ಬಂದ ಮಗ ಆ ವಾರ ಪೌಚಿನ ಮಾಂಸದ ಊಟ ಶುರು ಮಾಡಿದ್ದ. ಒಳ್ಳೆಯ ಊಟವೇ. ಆದರೆ ಡೋಸ್ ಮೊಸರನ್ನದ್ದು! ಅವರು ಹೇಳಲಿಲ್ಲ ಅಂತ ದೂರುವ ಹಾಗಿಲ್ಲ, ನಾನು ಕೇಳಿರಲಿಲ್ಲ.

ಅದಕ್ಕೇ ನೀವು ಕೇಳಿದ ಪಟ್ಟಿಯನ್ನು ನಾನು ಕೊಡುವುದಿಲ್ಲ. "300 ಬಂದರೆ 3, 400 ಬಂದರೆ 4" ಅನ್ನುವ ಪದ್ಧತಿ ಆಸ್ಪತ್ರೆಯಲ್ಲಿ ಮನುಷ್ಯರಿಗೆ ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ನಿಗೆ ಮಾಡಿದ್ದು. ಗ್ಲಾರ್ಜಿನ್ ಸ್ವಭಾವ ಬೇರೆ. ಬಾಟಲಿಯಲ್ಲಿ ಅದು ಹುಳಿ ದ್ರಾವಣ, ತಿಳಿ ನೀರಿನ ಹಾಗೆ ಇರುತ್ತದೆ. ಚರ್ಮದ ಅಡಿಗೆ ಹೋದ ಕೂಡಲೇ ಸಣ್ಣ ಸಣ್ಣ ಹರಳಾಗಿ ಕೂತು ನಿಧಾನಕ್ಕೆ ಕರಗುತ್ತದೆ. ನಿನ್ನೆಯ ಇಂಜೆಕ್ಷನ್ನಿನ ಬಾಲ ಇವತ್ತಿನದರ ಮೇಲೂ ಬಿದ್ದಿರುತ್ತದೆ. ಹೊಸ ಡೋಸ್ ನಿಜವಾಗಿ ಏನು ಮಾಡಿತು ಅಂತ ತಿಳಿಯಲು 5ರಿಂದ 7 ದಿನ ಬೇಕು. ನೀವು ನಾಲ್ಕನೇ ದಿನಕ್ಕೇ ಮೆಟ್ಟಿಲು ಹತ್ತುತ್ತಾ ಹೋದಿರಿ, ಹಿಂದಿನ ಮೆಟ್ಟಿಲು ಗಟ್ಟಿ ಇದೆಯಾ ಅಂತ ನೋಡುವ ಮೊದಲೇ.

ಇನ್ನೊಂದು, ಬೆಳಗ್ಗೆ ಇಂಜೆಕ್ಷನ್ನಿಗೆ ಮೊದಲಿನ ಅಂಕಿ ಒಂದನ್ನೇ ನೋಡಿ ಏರಿಸಬಾರದು. ಆ ಹೊತ್ತಿಗೆ ಹಿಂದಿನ ಇನ್ಸುಲಿನ್ ಬಹುಪಾಲು ಮುಗಿದಿರುತ್ತದೆ, ಅಂಕಿ ದೊಡ್ಡದಾಗೇ ಇರುತ್ತದೆ. ಡೋಸ್ ತೀರ್ಮಾನ ಆಗುವುದು ದಿನದ ಅತಿ ಕೆಳಗಿನ ಅಂಕಿಯ ಮೇಲೆ. ನಿಮ್ಮ ಪತ್ರದಲ್ಲಿ ಅದೊಂದೇ ಇಲ್ಲ.

ಅದನ್ನು ಹಿಡಿಯಲು ಒಂದು ರಜೆಯ ದಿನ ಬೇಕು. ಬೆಳಗ್ಗೆ 7ಕ್ಕೆ ಊಟಕ್ಕೂ ಇಂಜೆಕ್ಷನ್ನಿಗೂ ಮೊದಲು ಒಂದು ಸಲ, ಆಮೇಲೆ ಎರಡೆರಡು ಗಂಟೆಗೆ, ಸಂಜೆ 7ರ ತನಕ ನೋಡಿ. ಅಷ್ಟು ಚುಚ್ಚಲು ಮನಸ್ಸಿಲ್ಲದಿದ್ದರೆ 7, 10, 12, 2, 4, 7. ರಕ್ತ ತೆಗೆಯುವುದು ಕಿವಿಯ ಹೊರ ಅಂಚಿನಲ್ಲಿ ಓಡುವ ಸಣ್ಣ ರಕ್ತನಾಳದ ಪಕ್ಕದಿಂದ. ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅರ್ಧ ನಿಮಿಷ ಕಿವಿಗೆ ಹಿಡಿದರೆ ರಕ್ತ ಸುಲಭವಾಗಿ ಬರುತ್ತದೆ, ಆದರೆ ಕಿವಿ ಒದ್ದೆಯಾಗಬಾರದು. ಹಿಂದೆ ಹತ್ತಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಸೂಜಿ ನಿಮ್ಮ ಬೆರಳಿಗೇ. ಆದ ಕೂಡಲೇ ಬೇಯಿಸಿದ ಕೋಳಿಯ ಒಂದು ಸಣ್ಣ ಎಳೆ ಲಂಚ. ಮೂರನೇ ದಿನಕ್ಕೆ ಅವನೇ ಬಂದು ಕೂರುತ್ತಾನೆ, ಬೆಕ್ಕು ಲಂಚಕ್ಕೆ ಬೇಗ ಒಗ್ಗುವ ಪ್ರಾಣಿ.

ಅಮ್ಮನ ಗ್ಲುಕೋಮೀಟರೇ ಬಳಸುತ್ತಿದ್ದರೆ ತೊಂದರೆ ಇಲ್ಲ. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಯಾಕೆಂದರೆ ಕೆಂಪು ರಕ್ತಕಣ ಮತ್ತು ಅದರ ಹೊರಗಿನ ದ್ರವದ ನಡುವೆ ಸಕ್ಕರೆ ಹಂಚಿಕೆ ನಮ್ಮ ಹಾಗಿಲ್ಲ. ಪ್ರಾಣಿಗಳಿಗೆಂದೇ ಮಾಡಿದ ಆಲ್ಫಾಟ್ರ್ಯಾಕ್ ಅನ್ನುವ ಮೀಟರ್ ಇದೆ, ಆದರೆ ಸ್ಟ್ರಿಪ್ ಇಲ್ಲಿ ಸಿಗುವುದು ಕಷ್ಟ. ಒಂದೇ ಮೀಟರ್ ಹಿಡಿದುಕೊಂಡರೆ ಸಾಕು, ಇವತ್ತು ಒಂದು ನಾಳೆ ಒಂದು ಮಾಡಬೇಡಿ. ನಮ್ಮ ಕಡೆ ಅದಕ್ಕಿಂತ ದೊಡ್ಡ ತೊಂದರೆ ಮಳೆಗಾಲದ ಥಂಡಿ. ಸ್ಟ್ರಿಪ್ಪಿನ ಡಬ್ಬಿ ತೆರೆದಿಟ್ಟರೆ ತೇವ ಎಳೆದು ಅಂಕಿ ತಪ್ಪುತ್ತದೆ. ಗೋಡೆಯಲ್ಲಿ ನೀರು ಒಸರುವ ಜೂನ್, ಜುಲೈಯಲ್ಲಂತೂ ಒಂದು ತೆಗೆದ ಕೂಡಲೇ ಮುಚ್ಚಳ ಟಪ್ ಅಂತ ಹಾಕಿ. ಅನುಮಾನ ಬಂದರೆ ಹೊಸ ಡಬ್ಬಿ ಒಡೆದು ಅಮ್ಮನ ಬೆರಳಲ್ಲಿ ಎರಡನ್ನೂ ಹೋಲಿಸಿ.

ತೋಳಿಗೆ ಅಂಟಿಸುವ ಫ್ರೀಸ್ಟೈಲ್ ಲಿಬ್ರೆ ಸೆನ್ಸರನ್ನು ಬೆಕ್ಕಿಗೂ ಕೂದಲು ಬೋಳಿಸಿ ಅಂಟಿಸುತ್ತಾರೆ. ಮನುಷ್ಯರಲ್ಲಿ 14 ದಿನ ಬರುತ್ತದೆ, ಬೆಕ್ಕು ಬಹಳ ಸಲ ಅದಕ್ಕೆ ಮೊದಲೇ ಕಿತ್ತು ಹಾಕುತ್ತದೆ. ಆದರೂ ನೀವು ಶಾಲೆಯಲ್ಲಿರುವ ಹೊತ್ತಿನ ಅಂಕಿ ಗೊತ್ತಾಗುತ್ತದೆ, ಅದೇ ದೊಡ್ಡ ಲಾಭ. ತೀರಾ ಕಡಿಮೆ ತೋರಿಸಿದರೆ ಕಿವಿ ಚುಚ್ಚಿ ಖಾತ್ರಿ ಮಾಡಿಕೊಳ್ಳಿ.

ಅತಿ ಕೆಳಗಿನ ಅಂಕಿ ಸಿಕ್ಕ ಮೇಲೆ ಅದನ್ನು ಓದುವುದು ಹೀಗೆ. 80 ಮತ್ತು 150ರ ನಡುವೆ ಇದ್ದರೆ ಡೋಸ್ ಮುಟ್ಟಬೇಡಿ, ಬೆಳಗ್ಗೆ 280 ಇದ್ದರೂ ಮುಟ್ಟಬೇಡಿ. 80ಕ್ಕಿಂತ ಕೆಳಗೆ ಹೋದರೆ ಮುಂದಿನ ಡೋಸಿನಿಂದಲೇ ಅರ್ಧದಿಂದ ಒಂದು ಯೂನಿಟ್ ಕಡಿಮೆ, ಡಾಕ್ಟರಿಗೆ ಫೋನ್. 60ಕ್ಕಿಂತ ಕೆಳಗೆ ಅಂದರೆ ಬೆಕ್ಕು ಚೆನ್ನಾಗಿ ಕಂಡರೂ ಅದು ತುರ್ತು. ಮೀಟರ್ ಕಡಿಮೆ ತೋರಿಸುತ್ತದೆ ಅಂತ ಆಗಲೇ ಹೇಳಿದೆನಲ್ಲ, ಆ ಸಮಾಧಾನವನ್ನು ಇಲ್ಲಿ ಮಾತ್ರ ತರಬೇಡಿ. ಏರಿಸುವುದು ಯಾವಾಗ ಅಂದರೆ, ಒಂದೇ ಊಟ, ಒಂದೇ ಡೋಸ್ ವಾರವಿಡೀ ನಡೆದಿರಬೇಕು, ಅತಿ ಕೆಳಗಿನ ಅಂಕಿಯೂ 150 ದಾಟಿರಬೇಕು, ನೀರು ಕುಡಿಯುವುದು, ಮೂತ್ರ ಮಾಡುವುದು ಜಾಸ್ತಿಯೇ ಇರಬೇಕು. ಆಗ ಅರ್ಧ ಯೂನಿಟ್. ಮತ್ತೆ ಒಂದು ವಾರ ಕೈ ಕಟ್ಟಿ ಕೂರಬೇಕು. ಕಡಿಮೆ ಮಾಡುವುದಕ್ಕೆ ಯಾರನ್ನೂ ಕಾಯಬೇಡಿ. ಏರಿಸುವುದಕ್ಕೆ ಡಾಕ್ಟರನ್ನು ಕೇಳದೆ ಹೋಗಬೇಡಿ. ಊಟ ಸರಿಯಾಗಿ ಮಾಡುತ್ತಾ ಓಡಾಡಿಕೊಂಡಿರುವ ಬೆಕ್ಕು 400ರಲ್ಲಿ ಒಂದು ವಾರ ತಡೆಯುತ್ತದೆ, 30ರಲ್ಲಿ ಒಂದು ಗಂಟೆ ತಡೆಯುವುದಿಲ್ಲ.

ಈಗ ಸಿರಿಂಜ್. ಇದನ್ನು ಮೊದಲೇ ಕೇಳಬೇಕಿತ್ತು. ನಿಮ್ಮ ಸಿರಿಂಜಿನ ಮುಚ್ಚಳ ಯಾವ ಬಣ್ಣ? ನಮ್ಮ ದೇಶದಲ್ಲಿ ಎರಡು ತರಹದ ಇನ್ಸುಲಿನ್ ಒಟ್ಟೊಟ್ಟಿಗೆ ನಡೆಯುತ್ತಿದೆ. ಹಳೆಯ ಬಾಟಲಿ ಇನ್ಸುಲಿನ್ ಬಹುಪಾಲು ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಯು-40 ಸಿರಿಂಜ್. ಲ್ಯಾಂಟಸ್, ಬೇಸಲಾಗ್ ಅಂತ ಸಿಗುವ ಗ್ಲಾರ್ಜಿನ್ ಒಂದು ಎಂಎಲ್‌ಗೆ 100 ಯೂನಿಟ್, ಅದಕ್ಕೆ ಕಿತ್ತಳೆ ಮುಚ್ಚಳದ ಯು-100 ಸಿರಿಂಜ್. ಮೆಡಿಕಲ್ ಶಾಪಿನಲ್ಲಿ ಸುಮ್ನೆ "ಇನ್ಸುಲಿನ್ ಸಿರಿಂಜ್ ಕೊಡಿ" ಅಂದರೆ ಯಾವುದು ಬರುತ್ತದೋ ಹೇಳಲಾಗದು. ಗ್ಲಾರ್ಜಿನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 2ರ ಗೆರೆಗೆ ಎಳೆದರೆ ಒಳಗೆ ಹೋಗುವುದು 5 ಯೂನಿಟ್. ಎರಡೂವರೆ ಪಟ್ಟು! ಬಣ್ಣ ಒಂದನ್ನೇ ನಂಬಬೇಡಿ, ಸಿರಿಂಜಿನ ಮೈಮೇಲೆ ಬರೆದದ್ದನ್ನೂ ಓದಿ. ಗ್ಲಾರ್ಜಿನ್ನಿನಲ್ಲೇ 300ರ ಗಟ್ಟಿ ಪೆನ್ ಕೂಡ ಇದೆ, ಟೌಜಿಯೋ ಅಂತ, ಅದರಿಂದ ಸಿರಿಂಜಿಗೆ ಎಳೆಯಲೇಬಾರದು.

ನೀವು "ಅರ್ಧ" ಅಂತ ಬರೆದದ್ದು ಕೂಡ ಯೋಚನೆ ಮಾಡುವ ವಿಷಯ. ಯು-100ರ ಒಂದು ಎಂಎಲ್ ಸಿರಿಂಜಿನಲ್ಲಿ ಸಾಮಾನ್ಯವಾಗಿ ಒಂದು ಗೆರೆ ಅಂದರೆ 2 ಯೂನಿಟ್. ಅದರಲ್ಲಿ ಅರ್ಧ ಯೂನಿಟ್ ಅಂದರೆ ಕಣ್ಣಳತೆ, ಇವತ್ತಿನ ಅರ್ಧ ನಾಳೆಯ ಮುಕ್ಕಾಲು. 30 ಯೂನಿಟ್ಟಿನ ಸಪೂರ ಸಿರಿಂಜ್ ತರಿಸಿಕೊಳ್ಳಿ, ಅದರಲ್ಲಿ ಅರ್ಧರ್ಧಕ್ಕೆ ಗೆರೆ ಇರುವುದೂ ಇದೆ. ಅಂಗಡಿಯಲ್ಲಿ ಇಲ್ಲದಿದ್ದರೆ ಹೇಳಿ ತರಿಸಬೇಕಾಗುತ್ತದೆ. ನೀರು ಬೆರೆಸಿ ತೆಳು ಮಾಡಿ ಅಳೆಯುತ್ತೇನೆ ಅಂತ ಮಾತ್ರ ಹೋಗಬೇಡಿ, ಗ್ಲಾರ್ಜಿನ್ ಬಾಟಲಿಯಲ್ಲೇ ಕೆಡುತ್ತದೆ.

ಚುಚ್ಚುವ ಜಾಗ ಕುತ್ತಿಗೆ ಹಿಂದೆಯೇ ಆಗಬೇಕೆಂದಿಲ್ಲ. ಅಲ್ಲಿ ವರ್ಷಗಟ್ಟಲೆ ಚುಚ್ಚಿದರೆ ಚರ್ಮ ಗಟ್ಟಿಯಾಗಿ ಇನ್ಸುಲಿನ್ ಹೀರುವುದು ಹೆಚ್ಚುಕಡಿಮೆ ಆಗುತ್ತದೆ. ಪಕ್ಕೆ, ಹೊಟ್ಟೆಯ ಬದಿ, ದಿನಕ್ಕೊಂದು ಕಡೆ ಮಾಡಿ. ಇಂಜೆಕ್ಷನ್ ಕೊಟ್ಟಾದ ಮೇಲೆ ಕೂದಲು ಒದ್ದೆ ಅನ್ನಿಸಿದರೆ ಹೊರಗೆ ಚೆಲ್ಲಿದೆ ಅಂತ ಅರ್ಥ. ಆಗ ಮತ್ತೆ ಕೊಡಬೇಡಿ. ಎಷ್ಟು ಒಳಗೆ ಹೋಯಿತು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಂದು ಹೊತ್ತು ತಪ್ಪಿದರೆ ಏನೂ ಆಗದು. ಹಾಗೆಯೇ ಊಟ ಬಿಟ್ಟ ದಿನ, ವಾಂತಿ ಮಾಡಿದ ದಿನ ಪೂರ್ತಿ ಡೋಸ್ ಕೊಡಬೇಡಿ, ಡಾಕ್ಟರನ್ನು ಕೇಳಿ. ಇಂಜೆಕ್ಷನ್ನಿಗೆ ಮೊದಲಿನ ಅಂಕಿ 200ಕ್ಕಿಂತ ಕಡಿಮೆ ಬಂದರೂ ಸದ್ಯಕ್ಕೆ ಹಾಗೇ.

ಬಾಟಲಿಯ ಬಗ್ಗೆ ಎರಡು ಮಾತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಾಗದು. ಅದಕ್ಕೆ ಗಾಬರಿ ಬೇಡ, ತೆರೆದ ಗ್ಲಾರ್ಜಿನ್ 30 ಡಿಗ್ರಿಯ ಒಳಗಿದ್ದರೆ 28 ದಿನ ಇರುತ್ತದೆ ಅಂತ ಕಂಪನಿಯೇ ಬರೆದಿದೆ, ನಮ್ಮ ಜೂನ್, ಜುಲೈಯಲ್ಲಿ ಮನೆಯೊಳಗೆ ಅಷ್ಟು ಸೆಕೆ ಇರುವುದು ಕಡಿಮೆ. ಅದನ್ನು ನಿಜವಾಗಿ ಹಾಳು ಮಾಡುವುದು ಫ್ರೀಜರ್. ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಬೇಕು. ಕರೆಂಟ್ ಹೋಯಿತು ಅಂತ ಐಸ್ ಗಡ್ಡೆಯ ಮಧ್ಯೆ ಹುಗಿದಿಡುವವರು ಇದ್ದಾರೆ, ಹಾಗೆ ಮಾಡಬೇಡಿ. ತಿಳಿಯಾಗಿ ಇರಬೇಕಾದದ್ದು ಮಬ್ಬಾದರೆ, ಎಳೆ ಎಳೆ ಕಂಡರೆ ಹೊಸದು ತನ್ನಿ.

ಈಗ ಮುಖ್ಯವಾದ ಪ್ರಶ್ನೆ, ಜುಲೈ ಮುಗಿಯುವ ತನಕ ಅವನಿಗೆ ಏನು ಕೊಡುವುದು? ಬೇಯಿಸಿದ ಕೋಳಿ, ಮಧ್ಯೆ ಮಧ್ಯೆ ಬೇಯಿಸಿದ ಮೊಟ್ಟೆ. ಕೋಳಿಯ ಹೃದಯ, ಸ್ವಲ್ಪ ಲಿವರ್ ಸೇರಿಸಿ, ಬರೀ ಎದೆಯ ಬಿಳಿ ಮಾಂಸ ಸಾಲದು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಇಲ್ಲದೆ, ಮೂಳೆ ತೆಗೆದು. ಕೈಗೆಟಕುವುದಾದರೆ ಪೌಚ್ ಅಥವಾ ಡಬ್ಬಿಯ ಒದ್ದೆ ಊಟ ಇನ್ನೂ ಒಳ್ಳೆಯದು, ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಅನ್ನುವ ಪೋಷಕಾಂಶ ಎಲ್ಲ ಲೆಕ್ಕ ಹಾಕಿ ಸೇರಿಸಿರುತ್ತಾರೆ. ದಪ್ಪ ಗ್ರೇವಿಯದ್ದು ಬೇಡ, ಗ್ರೇವಿ ದಪ್ಪ ಆಗುವುದೇ ಪಿಷ್ಟದಿಂದ. ಅಂಗಡಿಯಲ್ಲಿ ತೂಗಿ ಕೊಡುವ ಒಣ ಕಾಳಿನ ಆಹಾರ ಇದಕ್ಕೆ ಉತ್ತರವಲ್ಲ, ಅದರಲ್ಲೂ ಪಿಷ್ಟವೇ ಜಾಸ್ತಿ. ಒಣಮೀನು ಪುಡಿಯಲ್ಲಿ ಉಪ್ಪು ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು, ಒಂಬತ್ತು ವರ್ಷದ ಬೆಕ್ಕಿನ ಕಿಡ್ನಿಗೆ ಅದು ಬೇಡ. ಹಾಗಂತ ಮೀನು ಬಂದ ಮೇಲೆ ಮೂರು ಹೊತ್ತೂ ತಾರ್ಲೆಯನ್ನೇ ಹಾಕುವುದೂ ಸರಿಯಲ್ಲ. ಎಣ್ಣೆ ಮೀನನ್ನೇ ತಿಂದ ಬೆಕ್ಕಿಗೆ ವಿಟಮಿನ್ ಇ ಕಡಿಮೆಯಾಗಿ ಚರ್ಮದಡಿಯ ಕೊಬ್ಬು ಊದಿಕೊಂಡು ಮುಟ್ಟಿದರೆ ಕಿರುಚುವಷ್ಟು ನೋವು ಬರುತ್ತದೆ. (ಘಟ್ಟದ ಮೇಲಿನ ಸಸ್ಯಾಹಾರಿ ಮನೆಗಳವರು ಇದನ್ನು ಓದಿ ನಿಟ್ಟುಸಿರು ಬಿಡುತ್ತಿರಬಹುದು. ನನ್ನ ಪರಿಚಯದ ಒಂದು ಮನೆಯಲ್ಲಿ ಪೌಚನ್ನು ಕೊಟ್ಟಿಗೆಯಲ್ಲಿಟ್ಟು ಅಲ್ಲೇ ಬಡಿಸುತ್ತಾರೆ, ಬೆಕ್ಕು ಕೊಟ್ಟಿಗೆಗೆ ಹೋಗಿ ಉಂಡು ಬಂದು ಜಗುಲಿಯಲ್ಲಿ ಮಲಗುತ್ತದೆ. ಯಾರಿಗೂ ತಕರಾರಿಲ್ಲ.)

ಆದರೆ ಮೊದಲು ಡೋಸ್ ಇಳಿಸಿ, ಆಮೇಲೆ ಅನ್ನ ಕಡಿಮೆ ಮಾಡಿ. ಈ ಕ್ರಮ ಹಿಂದೆ ಮುಂದೆ ಆಗಬಾರದು. 2 ಯೂನಿಟ್ ನಿಮ್ಮ ಮೇ ತಿಂಗಳ ಬಟ್ಟಲಿನ ಡೋಸ್. ಅನ್ನ ಪೂರ್ತಿ ನಿಲ್ಲಿಸಿದರೆ ಅದೂ ಜಾಸ್ತಿ ಆದೀತು, ಒಂದಕ್ಕೋ ಒಂದೂವರೆಗೋ ಇಳಿಸಬೇಕಾದೀತು, ಅದನ್ನು ನಿಮ್ಮ ಡಾಕ್ಟರ್ ಹೇಳುತ್ತಾರೆ. ಅನ್ನವನ್ನು ಒಂದು ವಾರದಲ್ಲಿ ನಿಧಾನಕ್ಕೆ ಇಳಿಸುತ್ತಾ ಬನ್ನಿ. ಆ ವಾರ ದಿನಾ ಮಧ್ಯಾಹ್ನ ಅಮ್ಮನ ಕೈಯಲ್ಲಾದರೂ ಒಮ್ಮೆ ನೋಡಿಸಿ. ಅಕ್ಕಪಕ್ಕದ ಮನೆಗಳಿಗೂ ಹೇಳಿ ಬನ್ನಿ. ನಮ್ಮ ಕಡೆಯ ಗಂಡು ಬೆಕ್ಕು ಒಂದೇ ಮನೆಯಲ್ಲಿ ಉಣ್ಣುವುದನ್ನು ನಾನಂತೂ ನೋಡಿಲ್ಲ.

ಹೀಗೆ ಪಿಷ್ಟ ಕಡಿಮೆ ಮಾಡಿ, ಇನ್ಸುಲಿನ್ ಒಂದೇ ಸಮ ಕೊಟ್ಟರೆ ಕೆಲವು ಬೆಕ್ಕುಗಳಿಗೆ, ಅದರಲ್ಲೂ ಹೊಸತಾಗಿ ಶುಗರ್ ಬಂದವಕ್ಕೆ, ಕೆಲವು ತಿಂಗಳಲ್ಲಿ ಇನ್ಸುಲಿನ್ನೇ ಬೇಡವಾಗುತ್ತದೆ. ಪಾಂಡುವಿಗೆ ಇನ್ನೂ ಐದು ತಿಂಗಳೂ ಆಗಿಲ್ಲ. ಆ ಸಾಧ್ಯತೆ ಇದೆ ಅಂತ ಹೇಳುವುದು ಆಸೆ ಹುಟ್ಟಿಸಲಿಕ್ಕಲ್ಲ, ಅಂಕಿ ಇದ್ದಕ್ಕಿದ್ದಂತೆ ಇಳಿಯತೊಡಗಿದರೆ ಮೀಟರ್ ಕೆಟ್ಟಿದೆ ಅಂದುಕೊಂಡು ಅದೇ ಡೋಸ್ ಮುಂದುವರಿಸಬಾರದು ಅಂತ.

ಭಾನುವಾರದ ಹಾಗೆ ಮತ್ತೆ ಆದರೆ ಏನು ಮಾಡಬೇಕು ಅಂತ ಅಮ್ಮನಿಗೂ ಹೇಳಿಕೊಡಿ. ಲಕ್ಷಣ ಇವು: ಮಂಕು, ವಾಲಾಟ, ಖಾಲಿ ಖಾಲಿ ನೋಟ, ಇದ್ದಕ್ಕಿದ್ದಂತೆ ವಿಪರೀತ ಹಸಿವು, ನಡುಕ, ಕೊನೆಗೆ ಫಿಟ್ಸ್. ಎದ್ದು ತಿನ್ನುವ ಸ್ಥಿತಿಯಲ್ಲಿದ್ದರೆ ಮೊದಲು ಊಟ ಕೊಡಿ. ಇಂಥ ಹೊತ್ತಿನಲ್ಲಿ ಅನ್ನ, ಹಾಲು ಏನಾದರೂ ಆದೀತು. ತಿನ್ನದಿದ್ದರೆ ಜೋನಿಬೆಲ್ಲ, ಅಂದರೆ ನೀರಾಗಿರುವ ಬೆಲ್ಲ. ನಿಮ್ಮನೆಯಲ್ಲಿ ಇದ್ದೇ ಇರುತ್ತದೆ. ಒಂದು ಟೀ ಚಮಚದಷ್ಟನ್ನು ಬೆರಳಲ್ಲಿ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ತುಟಿಯ ಒಳಗೆ, ವಸಡಿಗೆ ಉಜ್ಜಿ. ಜೇನು, ನೀರಲ್ಲಿ ಕಲಸಿದ ಗ್ಲುಕೋಸ್ ಪುಡಿ ಕೂಡ ಆಗುತ್ತದೆ. ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿದೀತು. ಫಿಟ್ಸ್ ಬರುತ್ತಿದ್ದರೆ ಹಲ್ಲಿನ ನಡುವೆ ಬೆರಳು ಹಾಕಬೇಡಿ. ಹದಿನೈದು ನಿಮಿಷಕ್ಕೆ ಶುಗರ್ ನೋಡಿ. ಸುಧಾರಿಸಿದರೂ ಆಸ್ಪತ್ರೆಗೆ ಹೊರಡಿ, ಗ್ಲಾರ್ಜಿನ್ ಇನ್ನೂ ಒಳಗೆ ಕೂತಿರುತ್ತದೆ, ಬೆಲ್ಲ ಮುಗಿದ ಮೇಲೆ ಮತ್ತೆ ಎಳೆಯುತ್ತದೆ. ರಾತ್ರಿ ಹೊತ್ತಿನಲ್ಲಿ ಯಾರು ಸಿಗುತ್ತಾರೆ ಅಂತ ಇವತ್ತೇ ವಿಚಾರಿಸಿ ನಂಬರ್ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ. ನಮ್ಮ ಜಿಲ್ಲೆಯಲ್ಲಿ ರಾತ್ರಿ ಬೆಕ್ಕು ನೋಡುವ ಕಡೆ ಬೆರಳೆಣಿಕೆಯಷ್ಟೂ ಇಲ್ಲ, ಕಾರವಾರದವರು ಗೋವಾಕ್ಕೇ ಓಡುತ್ತಾರೆ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಅಂಕಿ ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು. ಬಾಯಿ ತೆರೆದು ನೋಡಿ, ವಸಡು ಕೆಂಪಾಗಿದೆಯಾ? ಹಲ್ಲಿನ, ಮೂತ್ರದ ಸೋಂಕು ಇನ್ಸುಲಿನ್ನಿನ ಕೆಲಸ ಕೆಡಿಸುತ್ತದೆ. ತುರಿಕೆಗೋ ಬಾಯಿ ಹುಣ್ಣಿಗೋ ಯಾರಾದರೂ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರೆ ವಾರಗಟ್ಟಲೆ ಶುಗರ್ ಏರಿರುತ್ತದೆ. ಮೆದುಳಿನ ಅಡಿಯ ಪಿಟ್ಯುಟರಿ ಗ್ರಂಥಿಯಲ್ಲಿ ಬೆಳವಣಿಗೆಯ ಹಾರ್ಮೋನ್ ಜಾಸ್ತಿಯಾಗುವ ಕಾಯಿಲೆಯೂ ಬೆಕ್ಕುಗಳಲ್ಲಿ ನಾವು ಅಂದುಕೊಂಡಷ್ಟು ಅಪರೂಪ ಅಲ್ಲ. ಬ್ರಿಟನ್ನಿನಲ್ಲಿ ಶುಗರ್ ಇರುವ 1,221 ಬೆಕ್ಕುಗಳ ರಕ್ತ ನೋಡಿ 2015ರಲ್ಲಿ ಬರೆದ ವರದಿಯಲ್ಲಿ ಸುಮಾರು ಕಾಲು ಭಾಗಕ್ಕೆ ಅದರ ಗುರುತು ಸಿಕ್ಕಿತ್ತು. ಅದೆಲ್ಲ ಆಮೇಲಿನ ಮಾತು. ಹಿಂಗಾಲಿನ ಹಿಮ್ಮಡಿ ಊರಿಕೊಂಡು ನಡೆಯುವುದು ದಿನಾ ಕಂಡರೆ ಅದು ಶುಗರಿನಿಂದ ನರಕ್ಕೆ ಆದ ತೊಂದರೆ, ಭಾನುವಾರದ ವಾಲಾಟಕ್ಕಿಂತ ಬೇರೆ, ಅದನ್ನೂ ಡಾಕ್ಟರಿಗೆ ಹೇಳಿ. ಊಟ ಬಿಟ್ಟು, ವಾಂತಿ ಮಾಡುತ್ತಾ ಶುಗರ್ ದೊಡ್ಡದಿದ್ದರೆ ಕೊಬ್ಬು ಒಡೆದು ಬರುವ ಕೀಟೋನ್ ಸೇರಿ ರಕ್ತ ಹುಳಿಯಾಗಿರಬಹುದು, ಅದೇ ದಿನ ಆಸ್ಪತ್ರೆ. ಅಮ್ಮನ ಶುಗರ್ ಮಾತ್ರೆಯನ್ನು ಯಾವ ಕಾರಣಕ್ಕೂ ಅವನಿಗೆ ಹಾಕಬೇಡಿ.

ಆಗಸ್ಟ್ 1ಕ್ಕೆ ದೋಣಿಗಳು ಇಳಿಯುತ್ತವೆ, ಒಂದು ವಾರದಲ್ಲಿ ಅಂಕೋಲಾ ಪೇಟೆಯಲ್ಲಿ ಬಂಗಡೆ ಅಗ್ಗ ಆಗುತ್ತದೆ. ಅಷ್ಟರೊಳಗೆ ಅವನ ಬಟ್ಟಲು ಕೋಳಿಯದ್ದಾಗಿದ್ದರೆ ಬದಲಾವಣೆ ಅಷ್ಟೇನೂ ಇಲ್ಲ. ಅನ್ನವೇ ನಡೆಯುತ್ತಿದ್ದರೆ ಮೀನು ತರುವ ಹಿಂದಿನ ದಿನವೇ ಡಾಕ್ಟರಿಗೆ ಫೋನ್ ಮಾಡಿ ಡೋಸ್ ಕೇಳಿ. ಬರುವ ಭಾನುವಾರ ದಿನವಿಡೀ ನೋಡಿದ ಅಂಕಿಗಳನ್ನು ನನಗೂ ಕಳಿಸಿ. ಪ್ರತಿ ಅಂಕಿಯ ಪಕ್ಕದಲ್ಲಿ ಬಟ್ಟಲಲ್ಲಿ ಏನಿತ್ತು, ಎಷ್ಟು ಬಿಟ್ಟ ಅಂತ ಬರೆಯಿರಿ. ಸಿರಿಂಜಿನ ಒಂದು ಫೋಟೋ ಕೂಡ, ಮುಚ್ಚಳ ಸಮೇತ.